ಕಾಜಾ ಅಕ್ಕನ ಉರಿ

ನನ್ನ ಅಕ್ಕ ನಲವತ್ತು ವರ್ಷ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಗುಂಡಿಗೆ ಕಾಜಾ ಹಾಕಿದವಳು. ಬೀದಿಗೆಲ್ಲ ಅವಳು ಕಾಜಾ ಅಕ್ಕ. ಯಂತ್ರ ಬಂದ ಮೇಲೂ ಮಾಲೀಕ ಅವಳನ್ನು ಬಿಡಲಿಲ್ಲ. ಅಂಗಿ ಹರಿದರೂ ಅವಳು ಹಾಕಿದ ಕಾಜಾ ಹರಿಯುತ್ತಿರಲಿಲ್ಲ. ಹಟವೂ ಅಂಥದ್ದೇ. ನನ್ನನ್ನು ಸಾಕಿದವಳು ಅವಳೇ, ನನಗೆ ಐವತ್ತೆಂಟಾದರೂ ಚಿಕ್ಕ ಹುಡುಗಿಯಂತೆ ಗದರುವವಳೂ ಅವಳೇ. ಮೂರನೆಯ ಮಹಡಿಯ ಎರಡು ಕೋಣೆಯಲ್ಲಿ ನಾವಿಬ್ಬರೇ. ಲಿಫ್ಟಿಲ್ಲ.

ಈ ವರ್ಷ ನಾನು ಅವಳಿಂದ ಬಿಡಿಸಿಕೊಂಡು ಹೋಗುವುದೆಂದು ನಿಶ್ಚಯಿಸಿದ್ದೆ. ಬೇರೆ ಊರಿನ ಹುಡುಗಿಯರ ಹಾಸ್ಟೆಲಿನಲ್ಲಿ ಮೇಲ್ವಿಚಾರಕಿಯ ಕೆಲಸ, ಜೊತೆಗೆ ನನ್ನದೇ ಒಂದು ಕೋಣೆ. ಚಿಲಕ ನಾನೇ ಹಾಕಿ ನಾನೇ ತೆಗೆಯುವ ಕೋಣೆ! ಕೆಲಸದ ಪತ್ರ ಅಕ್ಕನ ಕಣ್ಣಿಗೆ ಬಿತ್ತು, ಓದಿ ಮಡಚಿ ಇದ್ದಲ್ಲೇ ಇಟ್ಟಳು.

ಅವಳ ಬೆರಳ ಗಂಟುಗಳು ಹತ್ತು ವರ್ಷದಿಂದ ಊದಿಕೊಂಡಿದ್ದವು. ಅದಕ್ಕೆ ವಾರಕ್ಕೊಂದು ಮಾತ್ರೆ. ನಾಲ್ಕು ತಿಂಗಳ ಹಿಂದೆ ರಕ್ತಪರೀಕ್ಷೆ ನೋಡಿದ ಡಾಕ್ಟರು, "ಉರಿಯೂತ ಜಾಸ್ತಿಯಾಗಿದೆ, ಹುಷಾರು" ಎಂದರು.

"ಏನಂದ್ರೇ ಅವ್ರು?" ಹೊರಗೆ ಬಂದು ಅಕ್ಕ ಕೇಳಿದಳು.

"ಉರಿ ಜಾಸ್ತಿಯಂತೆ" ಎಂದೆ. ಉರಿಯೂತದಲ್ಲಿದ್ದ ಊತ ನನ್ನ ತಲೆಗೆ ಹೋಗಲೇ ಇಲ್ಲ. ಎದೆಯುರಿ, ಎದೆಯುರಿ ಎಂದು ಅವಳು ದಿನಾ ಗೊಣಗುತ್ತಿದ್ದಳಲ್ಲ! "ಆ ಮಾತ್ರೆ ಉಷ್ಣ ಕಣಕ್ಕಾ, ಸ್ವಲ್ಪ ದಿನ ಬಿಡು" ಎಂದು ದೊಡ್ಡ ಪಂಡಿತೆಯಂತೆ ಅಪ್ಪಣೆ ಕೊಡಿಸಿದೆ. ಜೀವಮಾನದಲ್ಲಿ ಅವಳು ನನ್ನ ಮಾತು ಕೇಳಿದ್ದು ಅದೊಂದೇ ಸಲ.

ಕಳೆದ ವಾರ ಮೆಟ್ಟಿಲಲ್ಲೇ ಕುಸಿದಳು. ಹೃದಯಾಘಾತ.

ಮಾತ್ರೆ ನಿಲ್ಲಿಸಿದ್ದು ತಿಳಿದು ಹೃದಯದ ಡಾಕ್ಟರು ಹುಬ್ಬು ಗಂಟಿಕ್ಕಿದರು. "ವಯಸ್ಸಾದ ಹಾಗೆ ದೇಹದ ಕಾವಲು ಕೆಡುತ್ತೆ ಅಮ್ಮಾ. ರೋಗ ಬಂದಾಗ ಬೇಗ ಏಳಲ್ಲ, ಏನೂ ಇಲ್ಲದಾಗ ಸುಮ್ಸುಮ್ನೆ ಜಗಳಕ್ಕೆ ನಿಂತಿರುತ್ತೆ. ಇವರಿಗೆ ಗಂಟಿನ ಕಾಯಿಲೆ ಬೇರೆ. ಆ ಜಗಳದಲ್ಲಿ ಹೃದಯದ ರಕ್ತನಾಳದ ಗೋಡೆನೂ ಊದುತ್ತೆ, ಅಲ್ಲಿ ಕಟ್ಟಿದ ಕೊಬ್ಬು ಒಡೆದು ರಕ್ತ ಹೆಪ್ಪುಗಟ್ಟುತ್ತೆ. ಆ ಜಗಳಕ್ಕೇ ಉರಿಯೂತ ಅನ್ನೋದು, ಅದನ್ನ ತಣ್ಣಗಿಡೋದೇ ಆ ಮಾತ್ರೆ. ಬಿಟ್ಟಿದ್ದಕ್ಕೇ ಹೀಗಾಯ್ತು ಅಂತ ನಾನು ಹೇಳಲಾರೆ. ಆದ್ರೆ ಬಿಡಿ ಅಂದೋರು ಯಾರು?"

ಮಂಚದ ಮೇಲಿಂದ ಅಕ್ಕ, "ಯಾರೂ ಹೇಳ್ಲಿಲ್ಲ, ನಾನೇ ಬಿಟ್ಟೆ" ಎಂದಳು. ನಾನು ಬಾಯಿ ಬಿಡಲಿಲ್ಲ. ಛೀ, ಎಂಥ ಹೇಡಿ ನಾನು!

ಇಂದು ಬೆಳಿಗ್ಗೆ ನೆರೆಮನೆಯವರು ಅವಳನ್ನು ಕುರ್ಚಿಯಲ್ಲಿ ಕೂರಿಸಿ ಮೇಲಕ್ಕೆ ಹೊತ್ತು ತಂದರು. ಇನ್ನು ಕೆಲವು ತಿಂಗಳು ಅವಳು ಮೆಟ್ಟಿಲಿಳಿಯುವಂತಿಲ್ಲ, ಒಬ್ಬಳೇ ಇರುವಂತಿಲ್ಲ. ಎಲ್ಲರೂ ಹೋದ ಮೇಲೆ ಮಾತ್ರೆ, ನೀರು ಕೊಟ್ಟು ಕೊನೆಗೂ ಕೇಳಿದೆ.

"ಯಾಕಕ್ಕಾ ಸುಳ್ಳು ಹೇಳ್ದೆ?"

ಅವಳು ಮಾತ್ರೆ ನುಂಗಿ ಲೋಟ ಕೆಳಗಿಟ್ಟಳು. ಊದಿದ ಬೆರಳುಗಳಿಂದ ನನ್ನ ಮಣಿಕಟ್ಟನ್ನು ಹಿಡಿದಳು. ಆ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ, ಕೊಸರಿಕೊಳ್ಳಲಾಗಲಿಲ್ಲ.

"ನಿನ್ನ ಬಿಟ್ಟುಕೊಡ್ತೀನೇನೇ ನಾನು?" ಎಂದಳು.

ಕೆಲಸಕ್ಕೆ ಬರುವುದಿಲ್ಲವೆಂದು ಮಧ್ಯಾಹ್ನವೇ ಹಾಸ್ಟೆಲಿಗೆ ಫೋನು ಮಾಡಿದೆ.