ಬೇಗ ತುಂಬಿದ ಕ್ಯಾನು

ನನ್ನದು ಮೊದಲಿನಿಂದಲೂ ಪುಕ್ಕಲು ಜೀವ. ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಂದರೆ ಸಾಕು, ಕೆಟ್ಟದ್ದೇ ತಲೆಗೆ ಬರುತ್ತದೆ. ಆದರೆ ಒಳ್ಳೆಯ ಸುದ್ದಿ ಕೇಳಿ ಕೈಕಾಲು ತಣ್ಣಗಾದದ್ದು ಅದೊಂದೇ ಸಲ.

ನಾನು ಚನ್ನಗಿರಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ. ಅಕ್ಕನನ್ನು ಕೊಟ್ಟಿರುವುದು ಜಗಳೂರು ಕಡೆಯ ಹಳ್ಳಿಗೆ. ಅಲ್ಲಿನ ಬೋರ್ ನೀರು ಉಪ್ಪು, ಸಾಲದ್ದಕ್ಕೆ ಫ್ಲೋರೈಡ್. ದೊಡ್ಡ ಮಕ್ಕಳು ನಕ್ಕರೆ ಹಲ್ಲಿನ ಮೇಲೆ ಕಂದು ಗೆರೆ ಕಾಣುತ್ತದೆ. ಅಕ್ಕನ ಮಗಳಿಗೆ ಆಗಷ್ಟೇ ಹಾಲುಹಲ್ಲು ಬೀಳುತ್ತಿದ್ದವು. ಇವಳ ಹಲ್ಲು ಹಾಗಾಗಬಾರದು ಎನ್ನುವುದೊಂದೇ ನನ್ನ ಹಟ.

ಊರಿನಲ್ಲಿ ಶುದ್ಧ ನೀರಿನ ಘಟಕವೇನೋ ಇತ್ತು. ಉಪ್ಪು, ಫ್ಲೋರೈಡ್ ಸೋಸುವ ಪೊರೆಗೆ, ಅಂದರೆ ಮೆಂಬ್ರೇನಿಗೆ, ಲೋಳೆ ಕಟ್ಟಿಕೊಂಡು ನೀರು ದಾರದಷ್ಟು ಸಣ್ಣಗೆ ಬರುತ್ತಿತ್ತು. ಕಾದು ಬೇಸತ್ತವರು ಬೋರ್ ನೀರನ್ನೇ ಕುಡಿಯುತ್ತಿದ್ದರು. ಲೋಳೆ ಅಂಟದಂಥ ಲೇಪವೊಂದನ್ನು ನಾನು ಕಾಲೇಜಿನಲ್ಲಿ ತಯಾರಿಸಿದ್ದೆ. ಪಂಚಾಯ್ತಿಯವರನ್ನು ಒಪ್ಪಿಸಿ, ಆ ಲೇಪ ಕೊಟ್ಟ ಹೊಸ ಪೊರೆಯನ್ನು ಅಲ್ಲಿ ಕೂರಿಸಿದೆವು. ನೀರು ಪರೀಕ್ಷಿಸಿದೆ, ಚೆನ್ನಾಗಿಯೇ ಇತ್ತು. ಆದರೂ ಸಮಾಧಾನವಿಲ್ಲ. ದಿನಾ ಅಕ್ಕನಿಗೆ ಫೋನು: ಕ್ಯಾನ್ ತುಂಬಲು ಎಷ್ಟು ಹೊತ್ತು ಹಿಡಿಯಿತು?

"ನಿನ್ನೆ ಎಷ್ಟೋ ಇವತ್ತೂ ಅಷ್ಟೇ ಕಣೆ. ನಾನು ಸತ್ನೋ ಬದುಕಿದ್ನೋ ಕೇಳಲ್ಲ, ಕ್ಯಾನಿಂದು ಮಾತ್ರ ಕೇಳ್ತೀಯ!"

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳೇ ಫೋನು ಮಾಡಿದಳು. "ಲೇ, ನಿನ್ನ ಮೆಂಬ್ರೇನ್ ಭಾರಿ ಐತೆ ಕಣೆ! ಕ್ಯಾನ್ ಇಟ್ಟು ಒಂದು ಮಾತಾಡೋದ್ರೊಳಗೆ ತುಂಬಿಬಿಡ್ತೈತೆ."

ಲೋಳೆ ಕಟ್ಟದಿದ್ದರೆ ನೀರು ಹೊಸ ಪೊರೆ ಕೂರಿಸಿದ ದಿನದಷ್ಟೇ ಬರಬೇಕು. ಅದಕ್ಕಿಂತ ಜೋರಾಗಿ ಬಂತೆಂದರೆ ಪೊರೆಯೇ ಹಾಳಾಗಿದೆ, ಬೋರ್ ನೀರು ಸೋಸದೆ ದಾಟುತ್ತಿದೆ.

"ಮಗಳಿಗೆ ಆ ನೀರು ಕೊಡಬೇಡಕ್ಕ!"

"ಅಯ್ಯೋ, ನಿಧಾನ ಬಂದ್ರೂ ಚಿಂತೆ, ಜೋರು ಬಂದ್ರೂ ಚಿಂತೆ ನಿಂಗೆ," ಎಂದು ನಕ್ಕು ಫೋನಿಟ್ಟಳು.

ರಜೆ ಹಾಕಿ ಬಸ್ಸು ಹತ್ತಿದೆ. ದಾವಣಗೆರೆಯಲ್ಲಿ ಬಸ್ಸು ಬದಲಾಯಿಸಿದೆ.

ಘಟಕದ ಮುಂದೆ ಸಾಲು ನಿಂತಿತ್ತು. ಅಕ್ಕ ಮಗಳ ಜೊತೆ ಅದರಲ್ಲೇ ಇದ್ದಳು. ಘಟಕ ನೋಡಿಕೊಳ್ಳುವವರು ಮುಖವರಳಿಸಿ ಬಂದರು. ನಾನು ಉಪ್ಪಿನಂಶ ಅಳೆಯುವ ಮೀಟರನ್ನು ನಲ್ಲಿಯ ನೀರಿನಲ್ಲಿ ಅದ್ದಿದೆ. ಹೆಚ್ಚುಕಡಿಮೆ ಬೋರ್ ನೀರಿನದೇ ಅಂಕಿ.

"ಏನು ಹಾಕಿದ್ರಿ ಇದಕ್ಕೆ?" ಎಂದು ಕಿರುಚಿಯೇಬಿಟ್ಟೆ.

"ಏನಿಲ್ರೀ ಮೇಡಂ. ಕೊಳೆ ಕೂರಬಾರ್ದು ಅಂದಿದ್ರಲ್ಲ? ಬೋರ್ ನೀರು ತುಂಬೋ ಮೇಲಿನ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕ್ತಿದೀನ್ರಿ. ನಿಮ್ಮ ಮೆಂಬ್ರೇನ್ ಅಂತ ಒಂದು ಹಿಡಿ ಜಾಸ್ತಿನೇ."

ಬ್ಲೀಚಿಂಗ್ ಪೌಡರು ಈ ಪೊರೆಯನ್ನು ತಿಂದುಹಾಕುತ್ತದೆ. ಅದನ್ನು ತಡೆಯಬೇಕಿದ್ದ ಇದ್ದಿಲಿನ ಫಿಲ್ಟರ್ ಹಳತಾಗಿತ್ತು. ಕೊಳೆಯ ಬಗ್ಗೆ ಅಷ್ಟು ಹೇಳಿದವಳು ಇದೊಂದನ್ನು ಯಾಕೆ ಹೇಳಲಿಲ್ಲವೋ! ವಾಲ್ವು ತಿರುಗಿಸಿ ನೀರು ನಿಲ್ಲಿಸಿದೆ.

ಸಾಲಿನಲ್ಲಿ ಗಲಾಟೆಯೆದ್ದಿತು. "ಈಗ ಚೆನ್ನಾಗಿ ಬರಾಕೆ ಹತ್ತೈತೆ, ಈಗ್ಯಾಕ್ರೀ ಬಂದ್ ಮಾಡ್ತೀರಿ? ರುಚಿನೂ ಬಂದೈತೆ!"

ವಿಷಯ ಬಿಡಿಸಿ ಹೇಳಿದೆ. ಅಕ್ಕ ಹತ್ತಿರ ಬಂದಳು. "ಇವಳಿಗೇನೂ ಆಗಲ್ಲ ತಾನೆ?"

"ನಾಲ್ಕು ದಿನಕ್ಕೆ ಏನೂ ಆಗಲ್ಲ ಬಿಡಕ್ಕ."

ಅವಳು ಕ್ಯಾನನ್ನು ಕೆಳಗಿಟ್ಟಳು. "ಗಣಪತಿ ಹಬ್ಬದಿಂದ್ಲೇ ಸ್ವಲ್ಪ ಸ್ವಲ್ಪ ಜೋರಾಗ್ತಾ ಬಂತು ಕಣೆ."

"ಮತ್ತೆ ದಿನಾ ಅಷ್ಟೇ ಐತೆ ಅಂತಿದ್ದೆ?"

"ಒಂಚೂರು ಬದಲಾದ್ರೂ ನೀನು ಗಾಬರಿ ಬೀಳ್ತೀಯ. ನಿಂಗೆ ಸಮಾಧಾನ ಆಗ್ಲಿ ಅಂತ ಹಂಗಂತಿದ್ದೆ."