ಅಪ್ಪನ ಹತ್ತಿರ ಹೋದ ಮೇಷ್ಟ್ರು

ನಮ್ಮ ಮೂಡಬಿದಿರೆಯ ಟೆಂಟ್ ಟಾಕೀಸಿಗೆ ಆ ಮೇಷ್ಟ್ರ ಚಿತ್ರ ಎರಡನೇ ಸಲ ಬಂದಿದೆ. ಸ್ಟಾಫ್ ರೂಮಿನವರೆಲ್ಲ ಮತ್ತೆ ನೋಡಿ ಬಂದರು. ನಾನು ತಲೆನೋವೆಂದು ಸುಳ್ಳು ಹೇಳಿ ಮನೆಯಲ್ಲೇ ಉಳಿದೆ.

ಕಥೆ ಇಷ್ಟೇ. ಕ್ಲಾಸಿನಲ್ಲಿ ಮಂಕಾಗಿ ಕೂರುವ ಒಬ್ಬ ವಿದ್ಯಾರ್ಥಿನಿ. ಯಾರೂ ಕರೆಯದಿದ್ದರೂ ಮೇಷ್ಟ್ರು ಅವಳ ಮನೆಗೆ ನುಗ್ಗಿ ಅಪ್ಪನಿಗೆ ಉದ್ದುದ್ದ ಡೈಲಾಗ್ ಹೊಡೆಯುತ್ತಾರೆ. ಅಪ್ಪ ಅಳುತ್ತಾನೆ, ಮಗಳು ಓದುತ್ತಾಳೆ. ಮೊದಲ ಸಲ ನೋಡಿದಾಗ ನನ್ನ ಚಪ್ಪಾಳೆಯೇ ಎಲ್ಲರಿಗಿಂತ ಜೋರು. (ಮೇಷ್ಟ್ರಿಗೆ ಚಪ್ಪಾಳೆ ಸಿಗುವುದು ಟೆಂಟಿನಲ್ಲಿ ಮಾತ್ರ.)

ನಾನು ಪಾಠ ಮಾಡುತ್ತಿದ್ದ ಒಂಬತ್ತನೇ ಕ್ಲಾಸಿನಲ್ಲೂ ಅಂಥವಳೊಬ್ಬಳಿದ್ದಳು. ಲೀಲಾ ಎನ್ನೋಣ. ಚುರುಕು ಹುಡುಗಿ, ಇದ್ದಕ್ಕಿದ್ದಂತೆ ಮಾತು ಬಿಟ್ಟಳು. ಪ್ರಬಂಧದ ಪುಸ್ತಕದ ಹಾಳೆಗಳನ್ನು ಹರಿದು ಹಾಕಿದಳು. ಮನೆಯಲ್ಲಿ ಶಾಲೆ ಬಿಡಿಸುವ ಮಾತು ನಡೆದಿದೆಯೆಂದು ಗೆಳತಿಯರಿಂದ ತಿಳಿಯಿತು. ಭಾನುವಾರವೇ ಬಸ್ಸು ಹತ್ತಿ, ಬಂಟ್ವಾಳದಲ್ಲಿದ್ದ ಅವಳ ಅಪ್ಪನ ಮುಂದೆ ಹೋಗಿ ಕೂತೆ. ಅವಳನ್ನು ಒಂದು ಮಾತು ಕೇಳಿದೆನೇ? ಇಲ್ಲ. ಸಿನಿಮಾದ ಮೇಷ್ಟ್ರು ಕೇಳಿದ್ದರೇ?

ನಾನು ಘಟ್ಟದ ಮೇಲಿನವನು. ಇಲ್ಲಿಯ ಅಳಿಯಸಂತಾನದ ಮನೆಗಳಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು, ಅವರ ವಿಷಯದಲ್ಲಿ ಕಡೆಯ ಮಾತು ಸೋದರಮಾವನದು. ಇದನ್ನು ಓದಿದ್ದೆ, ಕ್ಲಾಸಿನಲ್ಲಿ ಪಾಠವನ್ನೂ ಮಾಡಿದ್ದೆ. ಆ ದಿನ ಮಾತ್ರ ಹೊಳೆಯಲಿಲ್ಲ. ಅಪ್ಪ ಕಾಫಿ ಕೊಟ್ಟರು, ತಲೆ ತಗ್ಗಿಸಿ ಕೇಳಿಸಿಕೊಂಡರು. ನನ್ನ ಮಾತು ಅವರನ್ನು ಎಷ್ಟು ಚುಚ್ಚಿತೆಂದರೆ, ಮಾರನೆಯ ದಿನವೇ ಲೀಲಾ ತಾಯಿಯ ಜೊತೆ ಇದ್ದ ಸೋದರಮಾವನ ಮನೆಗೆ ಹೋಗಿ ಹತ್ತು ಜನರೆದುರು ಆ ಮಾವನ ಮೇಲೆ ಎಗರಾಡಿದರು.

ಬುಧವಾರ ಮಾವ ಲೀಲಾಳನ್ನು ಕರೆದುಕೊಂಡು, ಟಿ.ಸಿ. ಕೇಳಲು ಶಾಲೆಗೆ ಬಂದರು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ನನ್ನಲ್ಲಿಗೆ ಬಂದಿದ್ದರೆ ಆಗ್ತಿತ್ತು ಮಾಸ್ಟ್ರೇ. ನೀವು ಬಂಟ್ವಾಳಕ್ಕೆ ಹೋದ ಹಿಂದಿನ ದಿನವೇ, ಎಸ್ಸೆಸ್ಸೆಲ್ಸಿ ಮುಗಿಸಲಿ ಅಂತ ಇವಳಿಗೆ ಮಾತು ಕೊಟ್ಟಿದ್ದೆ. ಇನ್ನು ಕಳಿಸಿದರೆ ಮನೆಯಲ್ಲಿ ನನಗೆ ಮರ್ಯಾದೆ ಉಂಟಾ?"

ಹೆಡ್ಮಾಸ್ಟರರೂ ಹೇಳಿ ನೋಡಿದರು, ನಾನೂ ಕೈಮುಗಿದು ಬೇಡಿಕೊಂಡೆ. ಮಾವ ಜಗ್ಗಲಿಲ್ಲ. ಲೀಲಾ ಜಗಲಿಯಲ್ಲಿ ನಿಂತಿದ್ದಳು. ಅಳುತ್ತಿರಲಿಲ್ಲ.

"ಮೂರು ದಿನ ಊಟ ಬಿಟ್ಟಿದ್ದೆ ಸಾರ್, ಮಾವನನ್ನು ಒಪ್ಪಿಸ್ಲಿಕ್ಕೆ" ಎಂದಳು.

ಇದಾಗಿ ಎರಡು ವರ್ಷ. ಅವಳ ಬೆಂಚಿನಲ್ಲಿ ಈಗ ಬೇರೆಯವರು ಕೂರುತ್ತಾರೆ. ಅವಳ ಕ್ಲಾಸಿನವರು ಪರೀಕ್ಷೆ ಬರೆದು ಹೋದರು. ನಾನು ಏನು ಮಾಡಿದರೂ ಇದು ಸರಿಹೋಗುವುದಿಲ್ಲ, ಸರಿಹೋದೀತೆಂದು ನನಗೆ ನಾನೇ ಹೇಳಿಕೊಳ್ಳುವುದನ್ನೂ ಬಿಟ್ಟಿದ್ದೇನೆ. ಒಳ್ಳೆಯ ಮನಸ್ಸಿನಿಂದ ಮಾಡಿದಿರಲ್ಲ ಎನ್ನುತ್ತಾರೆ ಸ್ನೇಹಿತರು. ಅದರಿಂದ ಆ ಹುಡುಗಿಗೆ ಏನಾಯಿತು?

ಟಿ.ಸಿ. ತುಂಬಿಸಿದವನು ನಾನೇ. ಶಾಲೆ ಬಿಡಲು ಕಾರಣ ಎಂಬಲ್ಲಿ ನನ್ನ ಹೆಸರು ಬರೆಯಬೇಕಿತ್ತು. ‘ಮನೆಯವರ ಇಚ್ಛೆ’ ಎಂದು ಬರೆದೆ.