ನೀರನ್ನೇ ಒಗೆದ ಇಸ್ತ್ರಿಯಣ್ಣ

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಕ್ಷಮಿಸಿ. ಒಂಬತ್ತನೇ ತರಗತಿಯನ್ನು ಅರ್ಧಕ್ಕೆ ಬಿಟ್ಟವಳ ಮಾತೂ ಅಷ್ಟಕ್ಕಷ್ಟೇ. ಸಾಕುಮೀನು ಮಾರುವ ಮೀನಂಗಡಿಯ ಅಕ್ಕ, ಪಿರಾನಾ ಎಂಬ ಚೂಪು ಹಲ್ಲಿನ ಮೀನು ಕೊಳ್ಳಲು ಬರುವವರಿಗೆ ಓದಲು ಕೊಡುತ್ತೇನೆ, ನಡೆದದ್ದನ್ನು ನಡೆದ ಹಾಗೆ ಬರೆ ಎಂದು ಕೇಳಿದ್ದಕ್ಕೆ ಬರೆದಿದ್ದೇನೆ. ಅಳತೆಗಳನ್ನು ಎರಡೆರಡು ಸಲ ನೋಡಿ ಹಾಕಿದ್ದೇನೆ.

ನನ್ನ ದೊಡ್ಡಪ್ಪನನ್ನು ಬೀದಿಯವರೆಲ್ಲ ಇಸ್ತ್ರಿಯಣ್ಣ ಎನ್ನುತ್ತಾರೆ. ಕೆಳಗೆ ಲಾಂಡ್ರಿ, ಮೇಲೆ ಮನೆ. ಇಪ್ಪತ್ತಾರು ವರ್ಷದಿಂದ ಅವರು ಊರವರ ಕೊಳೆ ತೆಗೆಯುತ್ತಿದ್ದಾರೆ, ಅಷ್ಟೇ ವರ್ಷದಿಂದ ಊರವರ ಬೈಗುಳ ತಿನ್ನುತ್ತಿದ್ದಾರೆ. ಅಂಗಿಯ ಗುಂಡಿ ಎಲ್ಲಿ ಎಂದು ಯಾರಾದರೂ ಗದರಿದರೆ, ಗುಂಡಿ ಮೊದಲೇ ಇರಲಿಲ್ಲ ಎಂಬ ಉತ್ತರ ಅವರಿಗೆ ಹೊಳೆಯುವುದು ಗ್ರಾಹಕ ಬೀದಿಯ ತಿರುವು ದಾಟಿದ ಮೇಲೆ. ಆಮೇಲೆ ಆ ಉತ್ತರವನ್ನು ಮೇಲೆ ಹತ್ತಿ ಬಂದು ದೊಡ್ಡಮ್ಮನಿಗೆ ಕೊಡುತ್ತಾರೆ, ಅದೂ ಎತ್ತರದ ದನಿಯಲ್ಲಿ. ಮನೆಯಲ್ಲಿ ಹುಲಿ, ಬೀದಿಯಲ್ಲಿ ಇಲಿ.

ಅಂಥವರಿಗೆ ಒಂದು ಆಸೆ ಹುಟ್ಟಿತು. ತಮ್ಮ ಮನೆಗೆ ಬಂದವರು ಒಮ್ಮೆಯಾದರೂ ಹೆದರಿ ಒಂದು ಹೆಜ್ಜೆ ಹಿಂದಿಡಬೇಕು. ನಾಯಿ ಸಾಕೋಣವೆಂದರೆ ನಾಯಿ ಕಂಡರೆ ಅವರಿಗೇ ನಡುಕ. ಮೀನಾದರೆ ಗಾಜಿನ ಆಚೆ ಇರುತ್ತದೆ.

“ಪಿರಾನಾ ಎರಡು ಕೊಡಿ. ಒಂದು ಎತ್ತನ್ನೇ ಗಳಿಗೇಲಿ ಮುಗಿಸ್ತವಂತೆ!” ಎಂದರು ಅಂಗಡಿಯಲ್ಲಿ.

“ಎತ್ತು ಹಾಗಿರಲಿ, ಎರಡೇ ಇದ್ರೆ ಒಂದನ್ನೊಂದು ಮುಗಿಸ್ತವೆ,” ಎಂದಳು ಮೀನಂಗಡಿಯ ಅಕ್ಕ. “ಐದು ತಗೊಳ್ಳಿ, ಗುಂಪಿದ್ರೆ ಧೈರ್ಯ. ಬಲು ಪುಕ್ಕಲು ಮೀನಣ್ಣ ಇವು.”

ಕೊನೆಯ ಮಾತು ದೊಡ್ಡಪ್ಪನ ಕಿವಿಗೆ ಬೀಳಲಿಲ್ಲ. ಉಳಿದದ್ದನ್ನೆಲ್ಲ ಅವಳು ಹೇಳಿದಂತೆಯೇ ಮಾಡಿದರು. ಐದಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿ. ಮೀನು ಬಿಡುವ ಮೊದಲು ಐದು ವಾರ ಬರೀ ನೀರಿಗೆ ಚಿಟಿಕೆ ಮೀನಿನ ಆಹಾರ ಹಾಕುತ್ತ ಫಿಲ್ಟರ್ ಓಡಿಸಿದರು. ಮೀನಿನ ಹೊಲಸನ್ನು ಕರಗಿಸುವ ಸೂಕ್ಷ್ಮಜೀವಿಗಳು ಫಿಲ್ಟರಿನ ಸ್ಪಂಜಿನಲ್ಲಿ ಸಂಸಾರ ಹೂಡಲು ಅಷ್ಟು ದಿನ ಬೇಕು. ಶಾಖ ಇಪ್ಪತ್ತಾರು ಡಿಗ್ರಿ, ಬೆಳಕು ಮಂದ, ನೀರು ಮೆದು, ಪಿಎಚ್ ಆರೂವರೆ. ಅಡಗಲು ಒಂದು ದೊಡ್ಡ ಮರದ ಬೊಡ್ಡೆ. ಬೊಡ್ಡೆಯ ಬಣ್ಣ ಬಿಟ್ಟು ನೀರು ಕಂದಾಯಿತು. ಈ ಮೀನಿಗೆ ಅದೇ ಹಿತ.

ಮೀನು ಬಂದವು. ಬಂದವೇ ಬೊಡ್ಡೆಯ ಹಿಂದೆ ಸೇರಿಕೊಂಡವು. ಯಾರಾದರೂ ಕೆಮ್ಮಿದರೆ ಐದೂ ಒಂದರ ಹಿಂದೆ ಒಂದು ನುಸುಳಿಕೊಳ್ಳುತ್ತಿದ್ದವು.

ಒಂದು ಶುಕ್ರವಾರ ಪಕ್ಕದ ಅಂಗಡಿಯ ದರ್ಜಿ ನೋಡಲು ಬಂದ. ಮೂಗನ್ನು ಗಾಜಿಗೆ ಒತ್ತಿ ಬಹಳ ಹೊತ್ತು ನೋಡಿದ.

“ಏನಣ್ಣ, ಬರೀ ನೀರನ್ನೇ ಸಾಕಿದ್ದೀಯಾ?”

“ಒಳಗಿವೆ. ಹೊಂಚು ಹಾಕ್ತಿವೆ,” ಎಂದರು ದೊಡ್ಡಪ್ಪ.

“ಹೊಂಚೋ ಸಂಕೋಚವೋ! ಅದಿರಲಿ, ಲಾಂಡ್ರಿಯವನ ಮನೇಲಿ ಇಂಥ ಕೊಳಕು ನೀರಾ? ನನ್ನ ಬಿಳಿ ಅಂಗಿಗಳನ್ನೂ ಇದರಲ್ಲೇ ಅದ್ದುತ್ತೀಯೋ ಹೇಗೆ?”

ಗುಂಡಿಯ ಮಾತಾಗಿದ್ದರೆ ನುಂಗಿಕೊಳ್ಳುತ್ತಿದ್ದರು. ಇದು ಕಸುಬಿಗೇ ಬಂದ ಮಾತು. “ಭಾನುವಾರ ಮಧ್ಯಾಹ್ನ ಬಾ. ಹೆದರದೇ ಇದ್ರೆ ಕೇಳು,” ಎಂದುಬಿಟ್ಟರು.

ಭಾನುವಾರ ಬೆಳಿಗ್ಗೆ ಮೀನುಗಳನ್ನು ಬಕೆಟ್ಟಿಗೆ ವರ್ಗಾಯಿಸಿ ಕೆಲಸಕ್ಕೆ ಇಳಿದರು. ವಾರಕ್ಕೆ ಕಾಲು ಭಾಗ ಮಾತ್ರ ಬದಲಿಸಬೇಕಾದ ನೀರನ್ನು ಪೂರ್ತಿ ಚೆಲ್ಲಿದರು. ಬೊಡ್ಡೆಯನ್ನು ಉಜ್ಜಿ ತಾರಸಿಯ ಮೇಲೆ, ಹೋಟೆಲಿನವರ ಹಾಸಿಗೆ ಬಟ್ಟೆಗಳ ಪಕ್ಕ ಒಣಹಾಕಿದರು. ಸ್ಪಂಜಿಗೆ ಅಂಟಿದ್ದ ಕಂದು ಲೋಳೆ ಕಂಡು ಅದನ್ನು ಎರಡೇ ಬೆರಳಲ್ಲಿ ಎತ್ತಿದರು. ಸೋಡಾ ಹಾಕಿ ಕುದಿಸಿದರು, ಹಿಂಡಿದರು, ಮತ್ತೆ ಕುದಿಸಿದರು.

“ಆ ಅಕ್ಕನ್ನ ಒಂದು ಮಾತು ಕೇಳಬಾರದಾ?” ಎಂದಳು ದೊಡ್ಡಮ್ಮ.

“ಒಗೆಯೋದನ್ನ ನನಗೆ ಮೀನು ಮಾರೋರು ಕಲಿಸಬೇಕಾ?”

ಮಧ್ಯಾಹ್ನ ಮೀನುಗಳನ್ನು ಮತ್ತೆ ಬಿಟ್ಟಾಗ ತೊಟ್ಟಿ ಕನ್ನಡಿಯಂತಿತ್ತು. ಮೇಲೆ ಎರಡು ಬಿಳಿ ದೀಪ. ದರ್ಜಿ ಹೆಂಡತಿಯನ್ನೂ ಕರೆತಂದಿದ್ದ. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು ಎತ್ತಿನ ಕತೆ ಹೇಳಿ, ಒಂದು ತುಂಡು ಸೀಗಡಿ ಬಿಟ್ಟರು. ಸೀಗಡಿ ನಿಧಾನವಾಗಿ ಇಳಿದು ತಳದಲ್ಲಿ ಕೂತಿತು. ಐದೂ ಮೀನು ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಹೊಟ್ಟೆಯ ಕೆಂಪು ಮಾಸಿತ್ತು.

ದರ್ಜಿ ಅಂಗಿಯ ತೋಳು ಮಡಚಿ ನೀರಿನೊಳಗೆ ಬೆರಳಿಟ್ಟ. ಮೀನುಗಳು ಬೆದರಿ ಎದುರಿನ ಗಾಜಿಗೆ ಡಬಡಬ ಬಡಿದುಕೊಂಡವು.

“ಹೆದರಿದ್ದು ಯಾರು ಅಂತ ಬರೆದಿಟ್ಟುಕೊಳ್ಳೇ,” ಎಂದ ಹೆಂಡತಿಗೆ.

“ನಗೋದು ಆಮೇಲೆ!” ದೊಡ್ಡಮ್ಮ ಕೂಗಿದಳು. “ಉಸಿರಿಗೆ ಒದ್ದಾಡ್ತಿವೆ ಅವು. ಸಾಯ್ತವೆ, ಕಣ್ಣಿಲ್ವಾ ನಿಮಗೆ?”

ದೊಡ್ಡಪ್ಪನಿಗೆ ಕಣ್ಣಿತ್ತು. ಮೀನಂಗಡಿಗೆ ಫೋನ್ ಮಾಡಿದರು.

“ನೀರು ಎಷ್ಟು ಬದಲಿಸಿದ್ರಿ?”

“ಪೂರ್ತಿ. ನಲ್ಲೀದು.”

“ಕ್ಲೋರಿನ್ ಕಳೆಯೋ ಔಷಧಿ?”

“ಅದು... ಬಟ್ಟೆಗೆ ಹಾಕಲ್ವಲ್ಲ.”

“ಸ್ಪಂಜು?”

“ಕುದಿಸಿದೀನಿ. ಹಾಲಿನ ಹಾಗೆ ಬಿಳಿ!” ಎನ್ನುವಾಗ ಅಷ್ಟು ಸಂಕಟದಲ್ಲೂ ದನಿಯಲ್ಲಿ ಜಂಬವಿತ್ತು.

“ಮೀನಿನ ಜೊತೆ ಕೊಟ್ಟಿದ್ದ ಔಷಧಿ ಈಗಲೇ ಹಾಕಿ, ದೀಪ ಆರಿಸಿ, ಗಾಳಿ ಪಂಪು ಜೋರು ಮಾಡಿ. ಊಟ ತೆಗೆದುಬಿಡಿ. ನಾನು ಬರ್ತೀನಿ.”

ಅಷ್ಟರಲ್ಲಿ ಒಂದು ಮೀನು ಮಗುಚಿಕೊಂಡಿತು. ಅಕ್ಕ ಬಂದಾಗ ಅವಳ ಕೈಯ ಚೀಲದಲ್ಲಿ ಅಂಗಡಿಯ ತೊಟ್ಟಿಯ ಹಳೇ ಸ್ಪಂಜಿತ್ತು, ಕಪ್ಪಗೆ, ಲೋಳೆಯಾಗಿ. ಅದನ್ನು ದೊಡ್ಡಪ್ಪನ ಮುಂದೆ ಹಿಡಿದಳು. “ಹೊಲಸು ಕರಗಿಸೋ ಜೀವಿಗಳು ಇದರಲ್ಲಿವೆ, ತೊಳೆದವರೇ ಹಾಕಿ. ಸ್ವಲ್ಪ ಹಿಂಡಿ, ಫಿಲ್ಟರಿನೊಳಗೆ ಇಡಿ.”

ಇಪ್ಪತ್ತಾರು ವರ್ಷದಲ್ಲಿ ಅವರು ಶುಭ್ರವಾದದ್ದಕ್ಕೆ ಕೈಯಾರೆ ಕೊಳೆ ಹಾಕಿರಲಿಲ್ಲ. ಕಣ್ಣು ಮುಚ್ಚಿ ಹಿಂಡಿದರು. ಕನ್ನಡಿಯಂಥ ನೀರಿನಲ್ಲಿ ಕಪ್ಪು ಹೊಗೆ ಬಿಚ್ಚಿಕೊಂಡಿತು.

“ಕೊಳಕನ್ನ ಮನೆಗೇ ತಂದುಕೊಡೋ ಕಾಲ ಬಂತಲ್ಲೋ ಇಸ್ತ್ರಿಯಣ್ಣ!” ಎಂದ ದರ್ಜಿ.

ದೊಡ್ಡಪ್ಪ ಆವತ್ತು ಮೊದಲ ಸಲ, ಎದುರಾಳಿ ಎದುರಿಗಿರುವಾಗಲೇ ಉತ್ತರ ಕೊಟ್ಟರು. “ಬಾಯಿ ಮುಚ್ಚಯ್ಯ, ತಾರಸಿಗೆ ಹೋಗಿ ಆ ಬೊಡ್ಡೆ ತಗೊಂಡು ಬಾ.”

ದರ್ಜಿ ಹೆಜ್ಜೆ ಹಿಂದಿಡಲಿಲ್ಲ. ಆದರೆ ಬೊಡ್ಡೆ ತಂದ.

ನಾಲ್ಕು ಉಳಿದಿವೆ. ನೀರು ಮತ್ತೆ ಕಂದಾಗುತ್ತಿದೆ, ಮೀನುಗಳು ಯಾರಿಗೂ ಕಾಣುತ್ತಿಲ್ಲ. ದೊಡ್ಡಪ್ಪ ಈಗ ಕಂದು ನೀರಿನ ಮಹಿಮೆಯನ್ನು ತಾವೇ ಕಂಡುಹಿಡಿದವರಂತೆ ಗ್ರಾಹಕರಿಗೆ ವಿವರಿಸುತ್ತಾರೆ. ಗ್ರಾಹಕರು ಗುಂಡಿ ಎಲ್ಲಿ ಎಂದು ಕೇಳುತ್ತಾರೆ.

ನೀರು ಪರೀಕ್ಷೆಯ ಕಾಗದದಲ್ಲಿ ಮೀನಿನ ಹೊಲಸಿನಿಂದ ಬರುವ ವಿಷ, ಅಮೋನಿಯಾ, ಇನ್ನೂ ಸ್ವಲ್ಪ ತೋರಿಸುತ್ತಿದೆ. ನಾಳೆ ಬೆಳಿಗ್ಗೆ ನಾನು ಔಷಧಿ ಬೆರೆಸಿಟ್ಟ ನೀರಿನಿಂದ ಕಾಲು ಭಾಗ ಬದಲಿಸಿ, ಮತ್ತೆ ಪರೀಕ್ಷೆ ಮಾಡಿ, ಬಂದ ಅಂಕಿಯನ್ನು ಬರೆದಿಡುತ್ತೇನೆ.